ಕೊಡಗಿನ ಸಣ್ಣ ಉದ್ಯಮ ಪರಿಸರದ ಕೆಲಸಕ್ಕೆ ಕೈಹಾಕುವುದು ಯಾರ ಒತ್ತಾಯಕ್ಕೆ?

ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯಂಥ ಸರಕನ್ನು ಯುರೋಪಿನಲ್ಲಿ ಮಾರದಂತೆ ತಡೆಯುವ ಯುರೋಪಿಯನ್ ಒಕ್ಕೂಟದ ಅರಣ್ಯನಾಶ ತಡೆ ಕಾನೂನು ಮತ್ತೆ ಒಂದು ವರ್ಷ ಮುಂದಕ್ಕೆ ಹೋಗಿದೆ. ಇದು ಅನ್ವಯ ಆಗಬೇಕಿದ್ದದ್ದು 2024ರ ಡಿಸೆಂಬರ್ 30ರಿಂದ. ಅದು 2025ರ ಡಿಸೆಂಬರ್ 30 ಆಯಿತು. ಆ ದಿನ ಇನ್ನೇನು ಬಂತು ಎನ್ನುವಾಗ, ಅದೇ ಡಿಸೆಂಬರಿನಲ್ಲಿ ಇನ್ನೊಂದು ತಿದ್ದುಪಡಿ ಬಂತು. ಈಗಿನ ಲೆಕ್ಕದಲ್ಲಿ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣ ಕಂಪನಿಗಳಿಗೆ 2027ರ ಜೂನ್ 30.

ಕಾಫಿಯನ್ನೇ ನಂಬಿರುವ ಕೊಡಗಿನಲ್ಲಿ ಈ ಸುದ್ದಿ ಸಮಾಧಾನಕ್ಕಿಂತ ಗೊಂದಲವನ್ನೇ ಜಾಸ್ತಿ ತರುವಂಥದ್ದು. ತೋಟದ ಗಡಿ ಗುರುತಿಸಿ ಕಾಫಿ ಮಂಡಳಿಯ ಆ್ಯಪ್‌ನಲ್ಲಿ ನೋಂದಾಯಿಸಿಕೊಂಡವರು ಸುಮ್ನೆ ಓಡಾಡಿದ ಹಾಗಾಯಿತೇ? ಯಾವ ಚೀಲ ಯಾವ ತೋಟದ್ದು ಎಂದು ಲೆಕ್ಕ ಇಡಲು ಖರ್ಚು ಮಾಡಿದ, ಒಣ ಕಾಫಿಯ ಸಿಪ್ಪೆ ತೆಗೆದು ಬೀಜ ಹದಗೊಳಿಸುವ ಕ್ಯೂರಿಂಗ್ ವರ್ಕ್ಸ್‌ನವರಿಗೆ ಆ ಹಣ ದಂಡವೇ? ಏನೂ ಮಾಡದೆ ಕೂತವರೇ ಜಾಣರೇ?

ಇವುಗಳ ಹಿಂದೆ ಇನ್ನೂ ದೊಡ್ಡ ಪ್ರಶ್ನೆಯೊಂದಿದೆ. ಸಣ್ಣ ಮತ್ತು ಮಧ್ಯಮ ಉದ್ಯಮವೊಂದು ಪರಿಸರಕ್ಕಾಗಿ ಹಣ, ಹೊತ್ತು ಖರ್ಚು ಮಾಡಲು ಮುಂದಾಗುವುದು ಯಾಕೆ? ಕಾನೂನಿನ ಭಯಕ್ಕಾ, ಗಿರಾಕಿಯ ಮಾತಿಗಾ, ಉಳಿತಾಯಕ್ಕಾ, ಮನಸ್ಸಿನ ಕಳಕಳಿಗಾ? ಕೊಡಗಿನಲ್ಲಿ ಈ ನಾಲ್ಕೂ ಒಟ್ಟಿಗೇ ಕಾಣಸಿಗುತ್ತವೆ. ಯಾವುದು ಎಲ್ಲಿವರೆಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎನ್ನುವುದೂ ಕಾಣುತ್ತದೆ.

ಸಣ್ಣದು ಎಂದರೆ ಎಷ್ಟು ಸಣ್ಣದು

2025ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ ಉದ್ಯಮಗಳ ಅಳತೆ ಬದಲಿಸಿದೆ. ವರ್ಷಕ್ಕೆ 10 ಕೋಟಿ ರೂಪಾಯಿವರೆಗೆ ವಹಿವಾಟು ಇದ್ದರೆ ಕಿರು ಉದ್ಯಮ, 100 ಕೋಟಿವರೆಗೆ ಸಣ್ಣದು, 500 ಕೋಟಿವರೆಗೆ ಮಧ್ಯಮ. ಬಂಡವಾಳಕ್ಕೂ ಬೇರೆ ಮಿತಿ ಇದೆ. ಈ ಅಳತೆಯಲ್ಲಿ ನೋಡಿದರೆ ಕೊಡಗಿನ ವ್ಯವಹಾರದ ಬಹುಪಾಲು ಇದರೊಳಗೇ ಬಂತು. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದ ಕಾಫಿ ಘಟಕಗಳು, ಗೋಣಿಕೊಪ್ಪ, ಸಿದ್ದಾಪುರದ ಕಾಫಿ, ಮೆಣಸಿನ ವ್ಯಾಪಾರಿಗಳು, ಹೋಂಸ್ಟೇಗಳು, ಹೋಟೆಲುಗಳು, ಮರದ ಮಿಲ್ಲುಗಳು, ಹಂದಿ ಸಾಕಣೆಯವರು, ಜೇನು, ವೈನ್, ಚಾಕೊಲೇಟ್ ಮಾಡುವವರು.

ಒಂದೊಂದನ್ನೇ ತೆಗೆದು ನೋಡಿದರೆ ಹಾನಿ ಕಡಿಮೆ. "ನಮ್ಮಿಂದ ಏನು ಮಹಾ ಆಗುತ್ತೆ" ಎಂಬ ಮಾತು ಬರುವುದು ಅಲ್ಲಿಂದಲೇ. ಆದರೆ ಪಶ್ಚಿಮಕ್ಕೆ ಇಳಿಯುವ ಹೊಳೆಗಳನ್ನು ಬಿಟ್ಟರೆ ಇವರೆಲ್ಲರ ನೀರು ಕೊನೆಗೆ ಸೇರುವುದು ಕಾವೇರಿಗೆ. ನೂರಾರು ಸಣ್ಣ ತಪ್ಪುಗಳು ಒಂದೇ ನದಿಯಲ್ಲಿ ಕೂಡಿಕೊಳ್ಳುತ್ತವೆ, ಯಾರ ಪಾಲು ಎಷ್ಟು ಎಂದು ಬೇರ್ಪಡಿಸಿ ತೋರಿಸಲು ಆಗುವುದಿಲ್ಲ.

ಯುರೋಪಿನ ಕಾನೂನು ಕೇಳುವುದೇನು

ಈ ಕಾನೂನು 2023ರ ಜೂನ್ 29ರಂದು ಅಸ್ತಿತ್ವಕ್ಕೆ ಬಂತು. ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ, ಸೋಯಾ, ಮರ, ದನ, ಈ ಏಳು ಸರಕಿಗೆ ಮತ್ತು ಇವುಗಳಿಂದ ಮಾಡಿದ ಹಲವು ವಸ್ತುಗಳಿಗೆ ಇದು ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಾದರೆ ಯುರೋಪಿನಲ್ಲಿ ಮಾರುವಂತಿಲ್ಲ. ಬೆಳೆದ ದೇಶದ ಕಾನೂನಿನ ಪ್ರಕಾರ ಬೆಳೆದದ್ದೂ ಆಗಿರಬೇಕು. ಸರಕು ಯಾವ ಜಮೀನಿನಿಂದ ಬಂತು ಎಂದು ನಕ್ಷೆಯಲ್ಲಿ ತೋರಿಸಬೇಕು. 4 ಹೆಕ್ಟೇರ್‌ವರೆಗಿನ ತೋಟಕ್ಕೆ, ಅಂದರೆ ಹತ್ತು ಏಕರೆ ಹತ್ತಿರ, ಒಂದು ಬಿಂದು ಗುರುತಿಸಿದರೆ ಸಾಕು. ಅದಕ್ಕಿಂತ ದೊಡ್ಡದಕ್ಕೆ ಸುತ್ತಲಿನ ಗಡಿಯನ್ನೇ ಗುರುತಿಸಬೇಕು.

ಗೊಂದಲ ಆಗುವುದು ಎರಡು ಕಡೆ.

ಮೊದಲನೆಯದು ತಾರೀಖು. 'ಸಣ್ಣವರಿಗೆ 2027ರ ಜೂನ್‌ವರೆಗೆ ಟೈಮ್ ಇದೆ' ಎಂದು ಓದಿದ ತಕ್ಷಣ, ಐದು ಏಕರೆ ಬೆಳೆಗಾರ ಅದು ತನಗೇ ಎಂದುಕೊಳ್ಳುವುದು ಸಹಜ. ಅದು ಹಾಗಲ್ಲ. ಆ ವಿನಾಯಿತಿ ಕಾಫಿಯನ್ನು ಯುರೋಪಿನ ಮಾರುಕಟ್ಟೆಗೆ ಇಳಿಸುವ ಕಂಪನಿಯ ಗಾತ್ರಕ್ಕೆ ಸಂಬಂಧಿಸಿದ್ದು. ನಿಮ್ಮ ಕಾಫಿ ಇಟಲಿಯ ಅಥವಾ ಜರ್ಮನಿಯ ದೊಡ್ಡ ಕಂಪನಿಗೆ ಹೋಗುತ್ತಿದ್ದರೆ, ತೋಟ ಎಷ್ಟೇ ಚಿಕ್ಕದಿರಲಿ, 2026ರ ಡಿಸೆಂಬರ್ 30ರ ಲೆಕ್ಕವೇ ನಿಮಗೂ ಬರುತ್ತದೆ.

ಎರಡನೆಯದು 'ಕಡಿಮೆ ಅಪಾಯದ ದೇಶ' ಎಂಬ ಪಟ್ಟ. 2025ರ ಮೇ ತಿಂಗಳಲ್ಲಿ ಭಾರತಕ್ಕೆ ಅದು ಸಿಕ್ಕಿತು. ಇದರಿಂದ ಉಪಯೋಗ ಇದೆ. ಖರೀದಿಸುವ ಕಂಪನಿಗೆ ಅಪಾಯ ಅಳೆಯುವ ಕೆಲಸ ತಪ್ಪುತ್ತದೆ. ವರ್ಷಕ್ಕೆ ನೂರರಲ್ಲಿ ಒಂದು ಕಂಪನಿಯನ್ನು ತಪಾಸಣೆ ಮಾಡಿದರೆ ಸಾಕು ಎಂದಿದೆ, ಹೆಚ್ಚು ಅಪಾಯದ ದೇಶಗಳಿಂದ ತರಿಸುವವರಿಗೆ ಅದು ನೂರರಲ್ಲಿ ಒಂಬತ್ತು. ಆದರೆ ತೋಟದ ಗುರುತು ಕೊಡುವ ಕೆಲಸ ಈ ಪಟ್ಟದಿಂದಲೇ ತಪ್ಪುವುದಿಲ್ಲ.

ಒತ್ತಡ ಕೆಳಗಿಳಿಯುವ ದಾರಿ

ಕಾನೂನು ಮುರಿದ ಕಂಪನಿಗೆ ದಂಡ ಎಷ್ಟಿರಬೇಕು ಎಂದೂ ಅಲ್ಲಿ ಬರೆದಿದ್ದಾರೆ. ಗರಿಷ್ಠ ದಂಡ ಯುರೋಪಿನಲ್ಲಿನ ಅದರ ವಾರ್ಷಿಕ ವಹಿವಾಟಿನ ಶೇ 4ಕ್ಕಿಂತ ಕಡಿಮೆ ಇರುವಂತಿಲ್ಲ. ಅಂಥ ಅಪಾಯವನ್ನು ಯಾವ ಕಂಪನಿಯೂ ತನ್ನ ತಲೆ ಮೇಲೆ ಹೊತ್ತುಕೊಳ್ಳುವುದಿಲ್ಲ. ಹಾಗಾಗಿ ಅದು ರಫ್ತುದಾರರನ್ನು ಕೇಳುತ್ತದೆ. ರಫ್ತುದಾರರು ಕ್ಯೂರಿಂಗ್ ವರ್ಕ್ಸ್ ಅನ್ನು ಕೇಳುತ್ತಾರೆ. ಅವರು ವ್ಯಾಪಾರಿಯನ್ನು, ವ್ಯಾಪಾರಿ ಬೆಳೆಗಾರರನ್ನು. ಭಾರತದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನ 10 ಹೆಕ್ಟೇರ್ ಒಳಗಿನವರು. ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ಯುರೋಪಿಯನ್ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಬರೆದ ಒಂದು ಸಾಲು ಕೊಡಗಿನ ಅಮ್ಮತ್ತಿಯ ಕಣದವರೆಗೆ ಬರುವುದು ಹೀಗೆ.

ಈ ಸರಪಳಿಯಲ್ಲಿ ಹೆಚ್ಚು ಇಕ್ಕಟ್ಟಿಗೆ ಸಿಕ್ಕಿರುವುದು ನಡುವಿನ ಸಣ್ಣ ಉದ್ಯಮ. ಒಬ್ಬ ವ್ಯಾಪಾರಿ ಸುಗ್ಗಿಯಲ್ಲಿ ಹತ್ತಾರು ಮನೆಯ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಕೊಂಡು ಒಂದೇ ಗೋದಾಮಿಗೆ ಹಾಕುತ್ತಾರೆ. ಇಷ್ಟು ದಿನ ಕೇಳುತ್ತಿದ್ದದ್ದು ತೇವ ಎಷ್ಟು, ಚೀಲದಲ್ಲಿ ಸಿಗುವ ಬೀಜದ ಲೆಕ್ಕ, ಅಂದರೆ ಔಟ್‌ಟರ್ನ್ ಎಷ್ಟು ಎಂಬುದು ಮಾತ್ರ. ಯಾವ ಮನೆಯದ್ದು ಎಂಬುದು ಚೀಲದ ಬಾಯಿ ಬಿಚ್ಚಿದ ಮೇಲೆ ಮುಗಿದ ಮಾತು. ಹೊಸ ಕಾನೂನಿನಲ್ಲಿ ಗುರುತು ಇಲ್ಲದ ಕಾಫಿಯನ್ನು ಗುರುತು ಇರುವುದರ ಜೊತೆ ಬೆರೆಸುವಂತಿಲ್ಲ. ಬೆರೆತರೆ ಇಡೀ ರಾಶಿಯೇ ಯುರೋಪಿಗೆ ಹೋಗುವ ಅರ್ಹತೆ ಕಳೆದುಕೊಳ್ಳುತ್ತದೆ. ಅಂದರೆ ಗೋದಾಮಿನಲ್ಲಿ ಬೇರೆ ಜಾಗ, ಬೇರೆ ಪುಸ್ತಕ, ಅದನ್ನು ಬರೆಯಲು ಒಬ್ಬರು ಬೇಕು. ವ್ಯವಹಾರ ಚಿಕ್ಕದಾದಷ್ಟೂ ಈ ಖರ್ಚು ಚೀಲಕ್ಕೆ ಜಾಸ್ತಿ ಬೀಳುತ್ತದೆ.

ಕೊಡಗಿಗೆ ಇನ್ನೊಂದು ತೊಡಕಿದೆ, ಇದು ಬೇರೆ ಜಿಲ್ಲೆಗಳಿಗೆ ಅಷ್ಟಾಗಿ ಇಲ್ಲ. ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮ ಆಸ್ತಿಯಲ್ಲಿ ಪಹಣಿ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರಿನಲ್ಲಿ ಇರುತ್ತದೆ, ಸಾಗುವಳಿ ಮಾಡುತ್ತಿರುವವರು ಕುಟುಂಬದ ಇನ್ನೊಬ್ಬರು. ಪಾಲು ಬಾಯಿಮಾತಿನಲ್ಲಿ ಆಗಿರುತ್ತದೆ, ಕಾಗದದಲ್ಲಿ ಇರುವುದಿಲ್ಲ. ತೋಟದಲ್ಲಿ ಒಂದು ಮರವನ್ನೂ ಕಡಿಯದ ಕುಟುಂಬಕ್ಕೂ ದಾಖಲೆ ಹೊಂದಿಸುವುದು ಕಷ್ಟವಾಗಬಹುದು. ನೆರಳಿನ ಮರ ಉಳಿಸಿಕೊಂಡು ಬಂದವರಿಗೆ ಕಾಗದ ಅಡ್ಡ ಬರುವುದು ನ್ಯಾಯವಲ್ಲ. ಇದನ್ನು ಬಗೆಹರಿಸಬೇಕಾದದ್ದು ಯುರೋಪ್ ಅಲ್ಲ, ನಮ್ಮ ಕಂದಾಯ ಇಲಾಖೆ.

ಗಿರಾಕಿಯ ಒತ್ತಡ ಬರುವುದು ಯುರೋಪಿನಿಂದ ಮಾತ್ರ ಅಲ್ಲ. ಪರಿಸರಕ್ಕೆ ಹಾನಿಯಾಗದಂತೆ ಬೆಳೆದದ್ದು ಎಂದು ಹೇಳುವ ರೇನ್‌ಫಾರೆಸ್ಟ್ ಅಲಯನ್ಸ್‌ನಂಥ ಪ್ರಮಾಣಪತ್ರಗಳು ಕಾಫಿಯಲ್ಲಿ ಎಷ್ಟೋ ವರ್ಷದಿಂದ ಇವೆ. ನಮ್ಮ ಷೇರುಪೇಟೆಯ ಮೊದಲ 1,000 ಕಂಪನಿಗಳು 2022-23ರಿಂದ ಪರಿಸರದ ವರದಿ ಕೊಡಬೇಕು ಎಂದು ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿ ಕಡ್ಡಾಯ ಮಾಡಿದೆ. ಅಂಥ ಕಂಪನಿಗೆ ಮಾಲು ಕೊಡುವ ಸಣ್ಣವರಿಗೂ ಇವತ್ತಲ್ಲ ನಾಳೆ ಪ್ರಶ್ನೆಪಟ್ಟಿ ಬರುತ್ತದೆ.

ಸಣ್ಣ ಉದ್ಯಮವನ್ನು ಬೇಗ ಕದಲಿಸುವುದು ಖರೀದಿಸುವವರ ಪ್ರಶ್ನೆ ಎಂದು ಇದರಿಂದ ಹೇಳಬಹುದು. ಇನ್‌ಸ್ಪೆಕ್ಟರ್ ಬರಬಹುದು, ಬರದೇ ಇರಬಹುದು. ಖರೀದಿದಾರರು ಪ್ರತಿ ಲೋಡಿಗೂ ಬರುತ್ತಾರೆ, ಬೇಡ ಎಂದರೆ ಅಂದಿನ ವ್ಯಾಪಾರವೇ ನಿಲ್ಲುತ್ತದೆ.

ಆದರೆ ತೋಡಿನ (ಸಣ್ಣ ಹಳ್ಳದ) ನೀರಿನ ಬಗ್ಗೆ ಕೇಳುವವರು ಯಾರು?

ಇಲ್ಲೇ ಎಚ್ಚರ ಬೇಕಿರುವುದು. ಯುರೋಪಿನ ಕಾನೂನು ಮುಖ್ಯವಾಗಿ ಕೇಳುವುದು ಕಾಡಿನ ಬಗ್ಗೆ. ನೀರಿಗೆ ಸಂಬಂಧಿಸಿ ನಮ್ಮದೇ ಕಾನೂನು ಪಾಲಿಸಿದ್ದೀರಾ ಎಂಬುದು ಅದರೊಳಗೆ ಸೇರಬಹುದು, ಆದರೆ ಉಪಗ್ರಹ ಚಿತ್ರದಲ್ಲಿ ಕಾಣುವುದು ಮರವೇ ಹೊರತು ತೋಡಿನ ನೀರಿನ ಬಣ್ಣ ಅಲ್ಲ.

ಕಾಫಿ ಹಣ್ಣನ್ನು ಹಾಗೇ ಒಣಗಿಸಿದರೆ ಚೆರ್ರಿ. ಸಿಪ್ಪೆ ತೆಗೆದು, ಅಂಟು ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಪಾರ್ಚ್‌ಮೆಂಟ್‌ಗೆ ಬೆಲೆ ಜಾಸ್ತಿ. ಆದರೆ ಈ ಸಿಪ್ಪೆ ತೆಗೆಯುವ ಕೆಲಸಕ್ಕೆ, ಅಂದರೆ ಪಲ್ಪಿಂಗ್‌ಗೆ, ನೀರು ಬೇಕು, ಆ ನೀರು ಹೊರಗೆ ಬರುವಾಗ ಹಣ್ಣಿನ ಸಕ್ಕರೆ, ಲೋಳೆ, ಸಿಪ್ಪೆಯ ಚೂರು ಎಲ್ಲವನ್ನೂ ಹೊತ್ತು ತರುತ್ತದೆ. ಅದು ಹುಳಿಯುತ್ತದೆ. ಹಾಗೇ ತೋಡಿಗೆ ಬಿಟ್ಟರೆ ನೀರಿನಲ್ಲಿ ಕರಗಿರುವ ಆಮ್ಲಜನಕ ಖಾಲಿಯಾಗುತ್ತದೆ, ಮೀನು ಸಾಯುತ್ತವೆ, ವಾಸನೆ ಹಬ್ಬುತ್ತದೆ. ಪಲ್ಪಿಂಗ್ ಜೋರಾಗಿ ನಡೆಯುವುದು ಡಿಸೆಂಬರ್‌ನಿಂದ ಫೆಬ್ರುವರಿವರೆಗೆ. ತೋಡುಗಳಲ್ಲಿ ನೀರು ಇಳಿಯುತ್ತಾ ಹೋಗುವ ತಿಂಗಳುಗಳೂ ಇವೇ. ಮಳೆಗಾಲದಲ್ಲಾದರೆ ತೆಳುವಾಗಿ ಹೋಗಬಹುದಾಗಿದ್ದ ಕೊಳೆ ಚಳಿಗಾಲದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಕೆಳಗಿನ ಊರಿನವರು ಕುಡಿಯುವುದು, ದನಕ್ಕೆ ಕೊಡುವುದು ಅದೇ ನೀರನ್ನು.

ಕಾರಣ ಮತ್ತು ಪರಿಣಾಮ ಇಲ್ಲಿ ಹೇಗೆ ಹೆಣೆದುಕೊಂಡಿದೆ ನೋಡಿ. ಗುಣಮಟ್ಟದ ಕಾಫಿಗೆ ಮಾರುಕಟ್ಟೆ ಜಾಸ್ತಿ ದುಡ್ಡು ಕೊಡುತ್ತದೆ. ಆ ದುಡ್ಡಿನ ಆಸೆಗೆ ಪಲ್ಪಿಂಗ್ ಹೆಚ್ಚುತ್ತದೆ. ಪಲ್ಪಿಂಗ್ ಹೆಚ್ಚಿದರೆ ಕೊಳೆನೀರೂ ಹೆಚ್ಚುತ್ತದೆ. ಅದೇ ಖರೀದಿದಾರರು ಕಾಡಿನ ಬಗ್ಗೆ ಕೇಳಿ, ನೀರಿನ ಬಗ್ಗೆ ಕೇಳದೆ ಹೋದರೆ, ಎಲ್ಲ ಕಾಗದ ಸರಿ ಇರುವ ಕಾಫಿಯೂ ಒಂದು ತೋಡನ್ನು ಕೊಂದು ಬಂದಿರಬಹುದು.

ಪರಿಹಾರ ಇಲ್ಲ ಎಂದೇನಿಲ್ಲ. ಕಡಿಮೆ ನೀರಿನಲ್ಲಿ ಕೆಲಸ ಮಾಡುವ ಪಲ್ಪರ್‌ಗಳು ಬಂದಿವೆ. ತಳಕ್ಕೆ ಹಾಳೆ ಹಾಸಿದ ಹೊಂಡದಲ್ಲಿ ನೀರು ನಿಲ್ಲಿಸಿ, ಸುಣ್ಣ ಹಾಕಿ ಹುಳಿ ತಗ್ಗಿಸುವ ವಿಧಾನ ಹಳೆಯದೇ. ಸಿಪ್ಪೆ ಒಳ್ಳೆ ಗೊಬ್ಬರ ಆಗುತ್ತದೆ. ಹಾಗಿದ್ದೂ ಎಲ್ಲರೂ ಮಾಡುತ್ತಿಲ್ಲ ಎಂದರೆ ಕಾರಣ ಸರಳ. ಖರ್ಚು ಮೇಲಿನ ತೋಟದವರದ್ದು, ಲಾಭ ಕೆಳಗಿನ ಊರಿನವರದ್ದು.

ದಂಡದ ಭಯ ಎಲ್ಲಿವರೆಗೆ?

1974ರ ಜಲ ಕಾಯ್ದೆ ಪ್ರಕಾರ ಕೊಳೆನೀರನ್ನು ಹೊಳೆಗೆ ಬಿಡುವಂತಿಲ್ಲ. ಇದು ಐವತ್ತು ವರ್ಷದ ಹಳೆಯ ಕಾನೂನು. ಆದರೆ ಪಲ್ಪಿಂಗ್ ನಡೆಯುವುದು ತೋಟದ ಒಳಗೆ, ವರ್ಷದ ಎರಡು ಮೂರು ತಿಂಗಳು. ಗುಡ್ಡಗಳ ನಡುವೆ ಹರಡಿಕೊಂಡ ಇಷ್ಟು ತೋಟಗಳನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಬ್ಬಂದಿ ಆ ಕೆಲವೇ ವಾರಗಳಲ್ಲಿ ನೋಡಿ ಮುಗಿಸುವುದು ಆಗದ ಮಾತು.

ಇತ್ತೀಚೆಗೆ ಎರಡು ಬದಲಾವಣೆ ಆಗಿವೆ. ಜನ ವಿಶ್ವಾಸ ಕಾಯ್ದೆಯ ನಂತರ, 2024ರ ಏಪ್ರಿಲ್ 1ರಿಂದ, 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಬಂದಿದೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಹಾನಿಯನ್ನು ಸರಿಪಡಿಸಲು ಬೇಕಾದ ಪರಿಹಾರದ ಹಣವನ್ನು ಮಾಲಿನ್ಯ ಮಂಡಳಿಗಳೇ ವಸೂಲಿ ಮಾಡಬಹುದು ಎಂದು ಹೇಳಿದೆ. ಜೈಲು ಶಿಕ್ಷೆ ಕಾಗದದಲ್ಲಿ ಇತ್ತು, ಕೋರ್ಟು ಮುಗಿಯುವುದರೊಳಗೆ ವರ್ಷಗಳೇ ಕಳೆಯುತ್ತಿದ್ದವು. ದಂಡ ಬೇಗ ಹಾಕಬಹುದು, ಹಾಗಾಗಿ ಜಾಸ್ತಿ ಕೆಲಸ ಮಾಡುತ್ತದೆ ಎನ್ನುವವರಿದ್ದಾರೆ. ದುಡ್ಡಿದ್ದವರು ದಂಡ ಕಟ್ಟಿ ಮುಂದುವರಿಯುತ್ತಾರೆ ಎನ್ನುವವರೂ ಇದ್ದಾರೆ. ಎರಡರಲ್ಲೂ ಸತ್ಯ ಇದೆ. ಆದರೆ ಯಾರೂ ಬಂದು ನೋಡದಿದ್ದರೆ ದಂಡ ಹತ್ತು ಸಾವಿರವಾದರೇನು, ಹದಿನೈದು ಲಕ್ಷವಾದರೇನು?

ಉಳಿತಾಯದ ಲೆಕ್ಕ

ಪರಿಸರದ ಕೆಲಸ ಎಂದರೆ ಖರ್ಚು ಎಂಬ ನಂಬಿಕೆ ಗಟ್ಟಿಯಾಗಿದೆ. ಕೆಲವು ಕಡೆ ಅದು ತಪ್ಪು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರಿನಲ್ಲಿ ಜನರೇಟರ್‌ಗೆ ಡೀಸೆಲ್ ಸುರಿಯುವ ಬದಲು ದೀಪಕ್ಕಾದರೂ ಸೋಲಾರ್ ಹಾಕಿಸಿಕೊಂಡ ಹೋಂಸ್ಟೇಗೆ ಲಾಭವೇ. ಕಡಿಮೆ ನೀರಿನ ಪಲ್ಪರ್‌ನಿಂದ ಉಳಿದ ಕೆರೆ ನೀರು ಫೆಬ್ರುವರಿ, ಮಾರ್ಚ್‌ನಲ್ಲಿ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ಒದಗುತ್ತದೆ. ಹೂಮಳೆ ಕೈಕೊಟ್ಟ ವರ್ಷ ಆ ನೀರಿನ ಬೆಲೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತು.

ಆದರೆ ಉಳಿತಾಯ ಕಾಣುವುದು ಆಮೇಲೆ, ದುಡ್ಡು ಹೋಗುವುದು ಇವತ್ತು. ಸಣ್ಣ ಉದ್ಯಮದಲ್ಲಿ ಮಾಲೀಕರೇ ಮ್ಯಾನೇಜರ್, ಅವರೇ ಅಕೌಂಟೆಂಟ್, ಗಾಡಿ ಕೆಟ್ಟರೆ ಓಡುವವರೂ ಅವರೇ. ಲೆಕ್ಕ ಹಾಕಿ ನೋಡಲು ಬಿಡುವಾದರೂ ಎಲ್ಲಿ? ನೆರವಿನ ಯೋಜನೆ ಇಲ್ಲದೆ ಇಲ್ಲ. ಕೇಂದ್ರದ 'ಜೆಡ್' ಪ್ರಮಾಣಪತ್ರ ಯೋಜನೆಯಲ್ಲಿ ತಯಾರಿಕೆ, ಪರಿಸರ ಎರಡರ ಗುಣಮಟ್ಟವನ್ನೂ ನೋಡುತ್ತಾರೆ. ಅದರ ಶುಲ್ಕದಲ್ಲಿ ಕಿರು ಉದ್ಯಮಕ್ಕೆ ಶೇ 80, ಸಣ್ಣದಕ್ಕೆ ಶೇ 60, ಮಧ್ಯಮಕ್ಕೆ ಶೇ 50 ಸಹಾಯಧನ ಇದೆ. ಐಎಸ್‌ಒ 14001 ಎಂಬ ಅಂತರರಾಷ್ಟ್ರೀಯ ಮಾನದಂಡ 1996ರಿಂದಲೇ ಇದೆ. ಅದರ ಸಾರ ಕಷ್ಟದ್ದಲ್ಲ. ನಮ್ಮಿಂದ ಆಗುವ ಹಾನಿ ಏನು ಎಂದು ಪಟ್ಟಿ ಮಾಡು, ಗುರಿ ಇಟ್ಟುಕೋ, ಜವಾಬ್ದಾರಿ ಒಬ್ಬರಿಗೆ ಕೊಡು, ವರ್ಷಕ್ಕೊಮ್ಮೆ ತಿರುಗಿ ನೋಡು. ಪ್ರಮಾಣಪತ್ರ ಕೊಳ್ಳದೆಯೂ ಇಷ್ಟನ್ನು ಮಾಡಬಹುದು.

ಕಾಫಿ ಬೆಲೆಯೂ ಇಲ್ಲಿ ಆಟ ಆಡುತ್ತದೆ. ರೊಬಸ್ಟಾ ಬೆಲೆ ದಾಖಲೆ ಮಟ್ಟ ಮುಟ್ಟಿದ ವರ್ಷಗಳಲ್ಲಿ ಪ್ರಮಾಣಪತ್ರಕ್ಕೆ ಸಿಗುವ ಹೆಚ್ಚುವರಿ ಬೆಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲ ಕಾಫಿಯೂ ಹಾಗೇ ಹೋಗುತ್ತಿರುವಾಗ ಪುಸ್ತಕ ಬರೆಯುವ ಗೋಜು ಯಾಕೆ? ಬೆಲೆ ಬಿದ್ದಾಗ ಪ್ರಮಾಣಪತ್ರ ಬೇಕೆನಿಸುತ್ತದೆ, ಆಗ ಕೈಯಲ್ಲಿ ದುಡ್ಡಿರುವುದಿಲ್ಲ. ಹೊಂಡ, ಪಲ್ಪರ್, ಸೋಲಾರ್‌ನಂಥ ಒಮ್ಮೆ ಹಾಕಿ ಬಿಡುವ ಖರ್ಚನ್ನು ಬೆಲೆ ಇರುವಾಗಲೇ ಮಾಡಿಕೊಳ್ಳುವುದು ಒಳ್ಳೆಯದು.

ಹೋಂಸ್ಟೇಗಳ ಮೇಲೆ ಯಾವ ಒತ್ತಡ?

ಕಾಫಿಗೆ ಯುರೋಪಿನ ಗಿರಾಕಿ ಇದ್ದಾರೆ. ಹೋಂಸ್ಟೇಗೆ ವಾರಾಂತ್ಯಕ್ಕೆ ಬಂದು ಹೋಗುವ ಪ್ರವಾಸಿ. ಅವರು ಕೇಳುವುದು ಬಿಸಿನೀರು ಇದೆಯಾ, ಪಂದಿಕರಿ ಸಿಗುತ್ತಾ, ಕ್ಯಾಂಪ್‌ಫೈರ್ ಇದೆಯಾ ಎಂದು. ಕಸ ಎಲ್ಲಿಗೆ ಹೋಗುತ್ತದೆ, ಶೌಚಗುಂಡಿ ಬಾವಿಯಿಂದ ಎಷ್ಟು ದೂರ ಇದೆ ಎಂದು ಕೇಳುವವರು ತೀರಾ ಕಡಿಮೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಇದೆ, ಕರ್ನಾಟಕದಲ್ಲಿ 2016ರಿಂದಲೇ ಇತ್ತು. ಆದರೂ ರಸ್ತೆ ಬದಿಯ ತೋಟಗಳಲ್ಲಿ ತಟ್ಟೆ, ಲೋಟ, ಬಾಟಲಿ ಬಿದ್ದೇ ಇರುತ್ತವೆ. ಮಡಿಕೇರಿಯ ಕಸ ಸ್ಟುವರ್ಟ್ ಹಿಲ್‌ನಲ್ಲಿ ಗುಡ್ಡೆಯಾದದ್ದು ಊರಿಗೆಲ್ಲ ಗೊತ್ತು.

ಹಾಗಾದರೆ ಇಲ್ಲಿ ಬದಲಾವಣೆ ತರುವವರು ಯಾರು? ಒಂದು, ನೆರೆಹೊರೆ ಮತ್ತು ಗ್ರಾಮ ಪಂಚಾಯಿತಿ. ಕೊಡಗಿನಂಥ ಕಡೆ ಒಬ್ಬರ ಹೆಸರು ಕೆಟ್ಟರೆ ಇಡೀ ಊರಿಗೆ ಗೊತ್ತಾಗುತ್ತದೆ, ಮದುವೆ, ತಿಥಿಯಲ್ಲಿ ಮುಖ ಕೊಡಬೇಕು. ಈ ಸಂಕೋಚ ನೋಟಿಸಿಗಿಂತ ಬೇಗ ಕೆಲಸ ಮಾಡುವುದುಂಟು. ಆದರೆ ಹೊರಗಿನವರು ಗುತ್ತಿಗೆಗೆ ಪಡೆದು ನಡೆಸುವ ಜಾಗಗಳಲ್ಲಿ ಅದೂ ಇಲ್ಲ.

ಇನ್ನೊಂದು, 2018ರ ಆಗಸ್ಟ್. ಆ ಮಳೆಯಲ್ಲಿ ಗುಡ್ಡ ಕುಸಿದು ಜೀವ, ಮನೆ, ತೋಟ ಹೋದವು. ಪ್ರವಾಸಿಗರು ಬರದಂತೆ ಜಿಲ್ಲಾಡಳಿತ ಕೆಲಕಾಲ ತಡೆ ಹಾಕಬೇಕಾಯಿತು. 2019ರಲ್ಲಿ ಮತ್ತೆ ಕುಸಿತ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ. ಇಳಿಜಾರು ಕೊರೆದು ಕಟ್ಟಡ ಕಟ್ಟುವುದು, ಮಳೆನೀರು ಹೋಗುವ ದಾರಿ ಮುಚ್ಚುವುದು ತಮ್ಮ ವ್ಯವಹಾರಕ್ಕೇ ಅಪಾಯ ಎಂದು ಆಗ ಕಣ್ಣಿಗೆ ಕಂಡಿತು. ಆದರೆ ನೆನಪಿಗೆ ಆಯುಸ್ಸು ಕಡಿಮೆ. ರೂಮುಗಳು ತುಂಬತೊಡಗಿದ ಮೇಲೆ ಜೆಸಿಬಿ ಸದ್ದು ಮತ್ತೆ ಕೇಳತೊಡಗುತ್ತದೆ.

ಮಾಲೀಕರ ಮನಸ್ಸು

ದೊಡ್ಡ ಕಂಪನಿಯಲ್ಲಿ ನಿರ್ಧಾರ ಬೋರ್ಡಿನದ್ದು. ಸಣ್ಣದರಲ್ಲಿ ಒಬ್ಬರದ್ದು. ಹಾಗಾಗಿ ಅವರ ಕಳಕಳಿಗೆ ಇಲ್ಲಿ ತೂಕ ಜಾಸ್ತಿ. 1,200ಕ್ಕೂ ಹೆಚ್ಚು ದೇವರಕಾಡುಗಳನ್ನು ಉಳಿಸಿಕೊಂಡು ಬಂದ ಜಿಲ್ಲೆ ಇದು. ಸಿಲ್ವರ್ ಓಕ್ ಹಾಕಿದರೆ ದುಡ್ಡು ಬರುತ್ತದೆ ಎಂದು ಗೊತ್ತಿದ್ದೂ ಕಾಡುಮರಗಳ ನೆರಳನ್ನೇ ಉಳಿಸಿಕೊಂಡ ತೋಟಗಳು ಇನ್ನೂ ಇವೆ. ಇದನ್ನು ಯಾವ ಕಾನೂನೂ ಮಾಡಿಸಿದ್ದಲ್ಲ. ಇಂಥವರಿಂದಲೇ ಕೊಡಗು ಯುರೋಪಿನ ಪರೀಕ್ಷೆಯನ್ನು ಬೇರೆ ಎಷ್ಟೋ ಕಡೆಗಿಂತ ಸುಲಭವಾಗಿ ಎದುರಿಸಬಹುದು.

ಆದರೆ ಕಳಕಳಿಯನ್ನೇ ನಂಬಿ ಕೂರಲು ಆಗುವುದಿಲ್ಲ. ಕೊಳೆನೀರಿಗೆ ಹೊಂಡ ತೋಡಿದವರ ಪಾರ್ಚ್‌ಮೆಂಟ್‌ಗೂ, ತೋಡಿಗೇ ಬಿಟ್ಟವರ ಪಾರ್ಚ್‌ಮೆಂಟ್‌ಗೂ ಒಂದೇ ಬೆಲೆ ಸಿಕ್ಕರೆ ಒಳ್ಳೆಯವರು ಎಷ್ಟು ವರ್ಷ ತಡೆದಾರು?

ಮುಂದೂಡಿಕೆಯ ಬಗ್ಗೆ ಎರಡು ವಾದ

ಮುಂದೂಡಿದ್ದು ಸರಿ ಎನ್ನುವವರ ಮಾತಿನಲ್ಲಿ ಹುರುಳಿದೆ. ದಾಖಲೆ ಸರಿಯಿಲ್ಲದ, ಮೊಬೈಲ್ ಸಿಗ್ನಲ್ಲೂ ಸರಿಯಾಗಿ ಸಿಗದ ಊರುಗಳ ಬೆಳೆಗಾರರನ್ನು ಅವಸರದಲ್ಲಿ ಹೊರಗೆ ಹಾಕಿದರೆ ಲಾಭ ಆಗುವುದು ದೊಡ್ಡ ತೋಟಗಳಿಗೆ ಮಾತ್ರ. ಯುರೋಪಿನ ತಂತ್ರಾಂಶವೇ ಇಷ್ಟೊಂದು ದಾಖಲೆಯ ಭಾರ ತಡೆಯುತ್ತದೆಯೇ ಎಂಬ ಅನುಮಾನ ಅಲ್ಲಿಯವರಿಗೇ ಇತ್ತು.

ವಿರೋಧಿಸುವವರ ವಾದ ಇನ್ನೂ ಗಟ್ಟಿಯಾಗಿದೆ. ಮೊದಲೇ ಸಿದ್ಧರಾದವರ ಖರ್ಚು ಆಗಿ ಹೋಗಿದೆ. ಕಾದು ಕೂತವರಿಗೆ ಒಂದು ಪೈಸೆ ನಷ್ಟವಿಲ್ಲ. ಎರಡು ಸಲ ಹೀಗಾದ ಮೇಲೆ ಮೂರನೇ ಸಲವೂ ಆಗಬಹುದು ಎಂದು ಜನ ಕಾಯುತ್ತಾರೆ. ಕಾನೂನನ್ನು ಇನ್ನಷ್ಟು ಸರಳ ಮಾಡುವ ಬಗ್ಗೆ 2026ರ ಏಪ್ರಿಲ್ 30ರೊಳಗೆ ವರದಿ ಬರಬೇಕು ಎಂದು ಅದೇ ತಿದ್ದುಪಡಿ ಹೇಳಿದ್ದು ಈ ಕಾಯುವಿಕೆಗೆ ಇಂಬು ಕೊಡುತ್ತದೆ. ಸಣ್ಣ ಉದ್ಯಮ ತಡೆದುಕೊಳ್ಳಲಾರದ್ದು ಕಠಿಣ ನಿಯಮವನ್ನಲ್ಲ, ದಿನಕ್ಕೊಂದು ರೀತಿ ಬದಲಾಗುವ ನಿಯಮವನ್ನು.

ಮುಂದೆ ಆಗಬಹುದಾದದ್ದು

ಮಾರುಕಟ್ಟೆ ಎರಡಾಗಬಹುದು. ಗುರುತು ಇರುವ ಕಾಫಿ ಯುರೋಪಿಗೆ, ಗುರುತಿಲ್ಲದ್ದು ದೇಶದೊಳಗೆ ಮತ್ತು ಬೇರೆ ದೇಶಗಳಿಗೆ. ಹಾಗಾದರೆ ಎರಡಕ್ಕೂ ಬೆಲೆಯ ಅಂತರ ಬರುತ್ತದೆ, ಕಡಿಮೆ ಬೆಲೆ ಬೀಳುವುದು ದಾಖಲೆ ಇಲ್ಲದ ಚಿಕ್ಕ ತೋಟಗಳಿಗೆ. ನಡುವಿನ ವ್ಯಾಪಾರಿಗಳಲ್ಲಿ ಲೆಕ್ಕ ಇಡಬಲ್ಲವರು ಉಳಿಯುತ್ತಾರೆ, ಉಳಿದವರ ವ್ಯಾಪಾರ ದೊಡ್ಡವರ ಕೈಗೆ ಹೋಗುತ್ತದೆ. ಬೆಳೆಗಾರರ ಸಹಕಾರ ಸಂಘಗಳು, ಉತ್ಪಾದಕರ ಕಂಪನಿಗಳು ಒಟ್ಟಾಗಿ ನಕ್ಷೆ ಮಾಡಿಸಿ ಒಂದೇ ಪುಸ್ತಕ ಇಟ್ಟರೆ ಖರ್ಚು ಹಂಚಿಹೋಗುತ್ತದೆ, ಈ ನಷ್ಟ ತಪ್ಪಿಸಬಹುದು.

ನೀರಿನ ಮಾತು ಮಾತ್ರ ನಾವೇ ಎತ್ತಬೇಕು. ರಫ್ತುದಾರರು, ಕ್ಯೂರಿಂಗ್ ವರ್ಕ್ಸ್‌ನವರು ತೋಟದ ಗುರುತು ಕೇಳುವ ಅದೇ ಅರ್ಜಿಯಲ್ಲಿ 'ಪಲ್ಪಿಂಗ್ ನೀರಿಗೆ ಏನು ಮಾಡುತ್ತೀರಿ' ಎಂಬ ಒಂದು ಸಾಲು ಸೇರಿಸುವುದಕ್ಕೆ ಯಾವ ಕಾನೂನೂ ಬೇಕಿಲ್ಲ. ಪಂಚಾಯಿತಿ ಹೋಂಸ್ಟೇಗಳಿಂದ ಕಸದ, ಶೌಚಗುಂಡಿಯ ವಿವರ ಕೇಳಬಹುದು.

ತಾರೀಖಿನ ಲೆಕ್ಕವನ್ನು ಕೊಡಗಿನ ಕ್ಯಾಲೆಂಡರಿನಲ್ಲಿ ಇಟ್ಟು ನೋಡಬೇಕು. 2026ರ ಡಿಸೆಂಬರ್ 30ರ ಹೊತ್ತಿಗೆ ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ, ರೊಬಸ್ಟಾ ಶುರುವಾಗುತ್ತಿರುತ್ತದೆ. ಕಾನೂನಿನಡಿ ಯುರೋಪಿಗೆ ಹೋಗುವ ಮೊದಲ ಹೊಸ ಬೆಳೆ ಅದೇ ವರ್ಷದ ಫೆಬ್ರುವರಿ, ಮಾರ್ಚ್‌ನ ಹೂವಿನದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ತೋಟದ ಗಡಿ ನಡೆದು ಗುರುತಿಸುವುದು, ತಾಲೂಕು ಕಚೇರಿಗೆ ಓಡಾಡುವುದು ಕಷ್ಟ. ಅಲ್ಲಿಗೆ ಕೈಯಲ್ಲಿ ಉಳಿಯುವುದು ಮಳೆಗೆ ಮುಂಚಿನ ಕೆಲವು ತಿಂಗಳು, ಮಳೆ ನಿಂತ ಮೇಲಿನ ಕೆಲವು ವಾರ.